ದೈವಾರಾಧನೆಯಲ್ಲಿ ಸಜೀವ ಸಂಗೀತ

(ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಗಾನವೃಂದದ ಪರವಾಗಿ ಮಾಡಿದ ಭಾಷಣ)



ಗಾನವೃಂದದ ಪರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ಅಪ್ಪಣೆ ಮಾಡಿದಾಗ ನಮ್ಮ ಮುಂದೆ ಎರಡು ದಾರಿಗಳಿದ್ದುವು. ನೂರು ವರ್ಷಗಳಲ್ಲಿ ಈ ದೇವಾಲಯದಲ್ಲಿ ಹಾಡಿದವರನ್ನೂ ವಾದ್ಯ ನುಡಿಸಿದವರನ್ನೂ ಸ್ಮರಿಸಿ ವಂದನೆ ಸಲ್ಲಿಸುವುದು ಒಂದು. ಆ ಕರ್ತವ್ಯವನ್ನು ಈ ಸಂಚಿಕೆಯ ಇತರ ಲೇಖನಗಳು ನೆರವೇರಿಸುತ್ತವೆ. ನಾವು ಎರಡನೆಯ ದಾರಿಯನ್ನು ಹಿಡಿದಿದ್ದೇವೆ. ಸಮಿತಿಯ ಮುಂದೆ ಈಗ ಒಂದು ಸಲಹೆ ಇದೆ: ಬಲಿಪೂಜೆಯ ಗೀತೆಗಳಿಗೆ ಮೊದಲೇ ಧ್ವನಿಮುದ್ರಣ ಮಾಡಿಟ್ಟ ವಾದ್ಯಸಂಗೀತವನ್ನು, ಅಂದರೆ ನಮ್ಮ ಯುವಕರು 'ಟ್ರ್ಯಾಕ್' ಎಂದು ಕರೆಯುವುದನ್ನು, ಬಳಸೋಣವೆಂಬುದು. ಶತಮಾನೋತ್ಸವಕ್ಕೆ ಬಂದ ಕಾಣಿಕೆಯಲ್ಲಿ ಒಂದು ಭಾಗವನ್ನು ಅದಕ್ಕೆ ಬೇಕಾದ ಧ್ವನಿವರ್ಧಕ ಸಾಮಗ್ರಿಗೆ ವಿನಿಯೋಗಿಸಬೇಕೆಂಬ ಮಾತೂ ಇದೆ. ಆ ಕುರಿತು ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳುವುದೇ ಇಂದಿನ ಉದ್ದೇಶ.

ಸಲಹೆ ಕೊಟ್ಟವರು ಸದುದ್ದೇಶದಿಂದಲೇ ಕೊಟ್ಟಿದ್ದಾರೆ ಎಂಬುದರಲ್ಲಿ ಸಂದೇಹವಿಲ್ಲ. ತಬಲ ಕಲಿತ ಹುಡುಗ ಕಾಲೇಜು ಮುಗಿಸಿ ಕೆಲಸ ಹಿಡಿದು ನಗರದ ಇನ್ನೊಂದು ತುದಿಗೆ ಹೊರಟುಹೋಗುತ್ತಾನೆ. ಭಾನುವಾರ ಬೆಳಿಗ್ಗೆ ಕೀಬೋರ್ಡ್ ನುಡಿಸುವವರು ಬರುವರೋ ಬಾರರೋ ಎಂಬ ಆತಂಕ ಪ್ರತಿ ವಾರವೂ ಇದ್ದದ್ದೇ. ಧ್ವನಿಮುದ್ರಿತ ವಾದ್ಯ ರಜೆ ಕೇಳುವುದಿಲ್ಲ; ಅದರ ಶ್ರುತಿ ಕದಲುವುದಿಲ್ಲ; ಲಯ ಓಡುವುದಿಲ್ಲ. ಇವೆಲ್ಲ ನಿಜ. ಆದರೆ ಆರಾಧನೆಯಲ್ಲಿ ಸಂಗೀತವಿರುವುದು ಯಾತಕ್ಕಾಗಿ ಎಂಬ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಳ್ಳದೆ, ಯಾವ ಸಾಮಗ್ರಿ ಕೊಳ್ಳಬೇಕೆಂಬುದನ್ನು ತೀರ್ಮಾನಿಸುವುದು ಮನೆಗೆ ತಳಪಾಯ ಹಾಕುವ ಮುನ್ನ ಬಣ್ಣ ಆರಿಸಿದಂತೆ.

ಈ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬದ ದಿನ, ಸಂತ ಹತ್ತನೆಯ ಪಿಯೂಸ್ ಜಗದ್ಗುರುಗಳು ದೇವಾಲಯ ಸಂಗೀತವನ್ನು ಕುರಿತು ಒಂದು ಕಟ್ಟುನಿಟ್ಟಾದ ಆಜ್ಞಾಪತ್ರವನ್ನು ಹೊರಡಿಸಿದರು. ಆಗ ಇಟಲಿಯ ದೇವಾಲಯಗಳಲ್ಲಿ ನಾಟಕಶಾಲೆಯ ಸಂಗೀತವೇ ಮೆರೆಯುತ್ತಿತ್ತು. ಅದನ್ನು ಹೊರಗಟ್ಟುವ ಭರದಲ್ಲಿ ಪಿಯಾನೋ, ಡೋಲು, ತಾಳಗಳನ್ನೆಲ್ಲ ಒಳಗೆ ಬಾರದಂತೆ ತಡೆಯಲಾಯಿತು. ಬ್ಯಾಂಡಿಗೆ ದೇವಾಲಯದ ಹೊರಗಿನ ಮೆರವಣಿಗೆಯಲ್ಲಿ, ಅದೂ ಧರ್ಮಾಧ್ಯಕ್ಷರ ಒಪ್ಪಿಗೆಯಿಂದ, ಅವಕಾಶವಿತ್ತು. ನಮ್ಮ ತೇರಿನ ಹಬ್ಬದ ಬ್ಯಾಂಡ್‌ಸೆಟ್ಟು ಬಾಗಿಲಾಚೆಯೇ ನಿಲ್ಲುವ ವಾಡಿಕೆಯೂ ಈ ಕ್ರಮಕ್ಕೆ ಹೊಂದುವಂಥದೇ. ಅದೇ ಪತ್ರದ ಇನ್ನೊಂದು ವಿಧಿಯನ್ನು ಕೇಳಿದರೆ ಇಲ್ಲಿ ಕುಳಿತಿರುವ ಸೋದರಿಯರು ನಕ್ಕಾರು: ಗಾಯಕರದು ಪೂಜೆಗೆ ಸೇರಿದ ಸೇವೆಯಾದುದರಿಂದ ಸ್ತ್ರೀಯರು ಗಾನವೃಂದದಲ್ಲಿ ಸೇರಕೂಡದೆಂದು ಅದರಲ್ಲಿ ಹೇಳಿತ್ತು. ಇಂದು ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗೆ ಯಾವ ದೇವಾಲಯದ ಗಾನವೃಂದದಿಂದಲಾದರೂ ಸ್ತ್ರೀಯರನ್ನು ಹೊರಗಿಟ್ಟು ನೋಡಿ, ಉಳಿಯುವುದು ಒಂದು ಹಾರ್ಮೋನಿಯಂ ಮತ್ತು ಅದನ್ನು ಹೊತ್ತು ತರುವ ಇಬ್ಬರು ಹುಡುಗರು.

ನಗುವ ಮಾತು ಹಾಗಿರಲಿ. ಅದೇ ಪತ್ರ ವಿಶ್ವಾಸಿಗಳೆಲ್ಲರೂ ಪವಿತ್ರ ರಹಸ್ಯಗಳಲ್ಲಿ ಸಕ್ರಿಯವಾಗಿ ಪಾಲುಗೊಳ್ಳಬೇಕೆಂಬ ಮಾತನ್ನೂ ಎತ್ತಿತು. ಅರುವತ್ತು ವರ್ಷಗಳ ಅನಂತರ, 1963ರ ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಆ ಬೀಜವನ್ನು ಮರವಾಗಿಸಿತು. ಗ್ರೆಗೋರಿಯನ್ ಗಾನಕ್ಕೆ ಅಗ್ರಸ್ಥಾನ, ಕೊಳವೆಗಳ ಆರ್ಗನ್ನಿಗೆ ದೊಡ್ಡ ಗೌರವ ಎಂದು ಹೇಳುತ್ತಲೇ, ಆಯಾ ಜನಾಂಗದ ಸ್ವಂತ ಸಂಗೀತ ಪರಂಪರೆಗೂ ಸಲ್ಲಬೇಕಾದ ಮನ್ನಣೆ ಸಲ್ಲಲಿ, ಅಧಿಕಾರವುಳ್ಳವರ ಒಪ್ಪಿಗೆಯಿಂದ ಇತರ ವಾದ್ಯಗಳೂ ಬರಲಿ ಎಂದು ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಲೋಕದಾದ್ಯಂತ ಏನೇನು ಬಂದಿತೆಂಬುದನ್ನು ವಿವರಿಸಲು ಇಲ್ಲಿ ಸಮಯವಿಲ್ಲ. ಕಾಂಗೋ ದೇಶದ ತಮಟೆಗಳೊಡನೆ ಹಾಡಿದ 'ಮಿಸ್ಸಾ ಲೂಬಾ' ಮಹಾಸಭೆಗೂ ಮುಂಚೆ, 1958ರಲ್ಲಿಯೇ, ಹುಟ್ಟಿತ್ತು; ಅರ್ಜೆಂಟೀನಾದ ಜಾನಪದ ಧಾಟಿಗಳ 'ಮಿಸಾ ಕ್ರಿಯೋಲ್ಯಾ' 1964ರಲ್ಲಿ ಬಂದಿತು. ನಮ್ಮ ಬೆಂಗಳೂರಿನಲ್ಲಿಯೇ 1967ರಲ್ಲಿ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ ಆರಂಭವಾಯಿತು. 1969ರಲ್ಲಿ ರೋಮಿನ ಒಪ್ಪಿಗೆ ಪಡೆದ ಹನ್ನೆರಡು ಅಂಶಗಳ ದೇಶೀಕರಣ ಪ್ರಸಿದ್ಧವೇ ಆಗಿದೆ. ಆದರೆ ಗಮನಿಸಿ, ಆ ಅಂಶಗಳು ಬಹುಪಾಲು ದೀಪ, ಆರತಿ, ಅಂಜಲಿ, ವಸ್ತ್ರ, ಕುಳಿತುಕೊಳ್ಳುವ ಕ್ರಮ ಇವುಗಳಿಗೆ ಸಂಬಂಧಿಸಿದವು. ಅಂದರೆ ಕಣ್ಣಿಗೆ ಕಾಣುವ ಭಾಗ. ಕಿವಿಗೆ ಕೇಳುವ ಭಾಗದ ಹೊಣೆ ಬಹುಮಟ್ಟಿಗೆ ಆಯಾ ಧರ್ಮಕೇಂದ್ರದ ಗಾನವೃಂದದ ಹೆಗಲಿಗೇ ಬಿದ್ದಿತು.

ಕಣ್ಣಿಗೆ ಕಾಣುವುದರ ಬಗ್ಗೆ ಚರ್ಚೆಗಳಾದುವು, ವಾಗ್ವಾದಗಳಾದುವು. ಕಿವಿಗೆ ಕೇಳುವುದರ ಬಗ್ಗೆ ಬಂದ ಮಹತ್ತ್ವದ ದಾಖಲೆಯನ್ನು ಮಾತ್ರ ಓದಿದವರು ಕಡಿಮೆ. 1967ರ ಮಾರ್ಚ್ 5ರಂದು ರೋಮಿನಿಂದ ಹೊರಟ 'ಮೂಸಿಕಾಂ ಸಾಕ್ರಂ' ಎಂಬ ನಿರ್ದೇಶನವೇ ಅದು. ನಾವು ಇಂದು ಹೇಳಬೇಕೆಂದಿರುವ ವಿಷಯದ ತಿರುಳು ಅದರಲ್ಲಿದೆಯಾದುದರಿಂದ ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಬೇಡುತ್ತೇವೆ.

ಹಾಡುವ ಬಲಿಪೂಜೆಯಲ್ಲಿ ಏನನ್ನು ಹಾಡಬೇಕೆಂಬುದನ್ನು ಆ ನಿರ್ದೇಶನ ಮೂರು ಮೆಟ್ಟಿಲುಗಳಾಗಿ ಇರಿಸುತ್ತದೆ. ಗುರುಗಳ ಅಭಿವಂದನೆ ಮತ್ತು ಅದಕ್ಕೆ ಜನರ ಉತ್ತರ, ಗುರುಗಳ ಪ್ರಾರ್ಥನೆಗಳು, ಶುಭಸಂದೇಶದ ಸಮಯದ ಘೋಷಗಳು, ಕಾಣಿಕೆಯ ಅನಂತರದ ಸಂವಾದ ಮತ್ತು ಪ್ರಸ್ತಾವನೆ, ಹಿರಿಯರು 'ಸಾಂಕ್ತುಸ್' ಎನ್ನುತ್ತಿದ್ದ ಪವಿತ್ರಗಾನ, ಬಲಿಪೂಜೆಯ ಮಹಾಪ್ರಾರ್ಥನೆಯ ಕೊನೆಯ ಸ್ತುತಿ, ಪ್ರಭು ಕಲಿಸಿದ ಪ್ರಾರ್ಥನೆ, ಬೀಳ್ಕೊಡುಗೆ ಇವೆಲ್ಲ ಮೊದಲನೆಯ ಮೆಟ್ಟಿಲು. ಕರುಣೆಯ ಬೇಡಿಕೆ, ಮಹಿಮೆಯ ಗೀತೆ, ದೇವರ ಕುರಿಮರಿಯ ಗೀತೆ, ವಿಶ್ವಾಸ ಪ್ರಮಾಣ, ವಿಶ್ವಾಸಿಗಳ ಪ್ರಾರ್ಥನೆ ಎರಡನೆಯದು. ಪ್ರವೇಶ ಗೀತೆ, ಕಾಣಿಕೆಯ ಗೀತೆ, ಪರಮಪ್ರಸಾದದ ಗೀತೆ ಮೊದಲಾದವು ಮೂರನೆಯದು. ಇದಾದ ಮೇಲೆ ಒಂದು ನಿಯಮ: ಮೊದಲನೆಯ ಮೆಟ್ಟಿಲನ್ನು ಮಾತ್ರವೇ ಹಾಡಬಹುದು, ಆದರೆ ಅದನ್ನು ಬಿಟ್ಟು ಎರಡನೆಯದನ್ನಾಗಲಿ ಮೂರನೆಯದನ್ನಾಗಲಿ ಹಾಡಕೂಡದು.

ಈಗ ಬೆಂಗಳೂರಿನ ಯಾವುದೇ ಧರ್ಮಕೇಂದ್ರದ ಭಾನುವಾರದ ಪೂಜೆಯನ್ನು ಮನಸ್ಸಿಗೆ ತಂದುಕೊಳ್ಳಿ. ಪ್ರವೇಶ ಗೀತೆಗೆ ಎರಡು ವಾರದ ಅಭ್ಯಾಸ, ಮುನ್ನುಡಿಯ ಸ್ವರಗಳು, ನಡುವೆ ವಾದ್ಯದ ಆಲಾಪ. ಹಾಡು ಮುಗಿಯುತ್ತದೆ, ಗುರುಗಳು ಅಭಿವಂದನೆಯನ್ನು ಓದುತ್ತಾರೆ, ಜನರು ಉತ್ತರವನ್ನು ಗೊಣಗುತ್ತಾರೆ. ಮೂರನೆಯ ಮೆಟ್ಟಿಲಿನ ಮೇಲೆ ದೀಪಾಲಂಕಾರ, ಮೊದಲನೆಯ ಮೆಟ್ಟಿಲಿನ ಮೇಲೆ ಕತ್ತಲು. ಯಾವುದು ಗುರುಗಳಿಗೂ ಜನರಿಗೂ ನಡುವಣ ಸಂಭಾಷಣೆಯೋ, ಯಾವುದಕ್ಕೆ ಗಾನವೃಂದದ ಅಗತ್ಯವೇ ಇಲ್ಲವೋ, ಅದನ್ನು ಹಾಡುವುದಿಲ್ಲ. ಯಾವುದನ್ನು ಇಪ್ಪತ್ತು ಮಂದಿ ಹಾಡಿ ಉಳಿದವರು ಕೇಳಬಹುದೋ ಅದನ್ನು ಮಾತ್ರ ಹಾಡುತ್ತೇವೆ. ಜನರು ಹಾಡುವುದಿಲ್ಲವೆಂದು ದೂರುವವರು ಈ ತಲೆಕೆಳಗಾದ ಕ್ರಮವನ್ನು ಒಮ್ಮೆ ನೋಡಬೇಕು.

ಮೊದಲ ಮೆಟ್ಟಿಲಿಗೆ ಬೇಕಾದ ಸಂಗೀತ ಎಷ್ಟು ಎಂದು ಕೇಳಿದರೆ, ಮೂರು ನಾಲ್ಕು ಸ್ವರಗಳು. ಗುರುಗಳು ಷಡ್ಜದಲ್ಲಿ ನಿಂತು ಒಂದು ಸ್ವರ ಏರಿ ಇಳಿದರೆ ಸಾಕು, ಜನರು ಅದನ್ನೇ ಹಿಂದಿರುಗಿಸುತ್ತಾರೆ. ವಾದ್ಯವೇ ಬೇಕಿಲ್ಲ, ಬೇಕೆಂದರೆ ಒಂದು ಶ್ರುತಿಪೆಟ್ಟಿಗೆ. ಇದಕ್ಕೆ ಟ್ರ್ಯಾಕ್ ಮಾಡಲು ಸಾಧ್ಯವೇ? ಸಂಭಾಷಣೆಯ ಒಂದು ಪಕ್ಷವನ್ನು ಮೊದಲೇ ಧ್ವನಿಮುದ್ರಿಸಿಟ್ಟು ಇನ್ನೊಂದು ಪಕ್ಷ ಅದಕ್ಕೆ ಉತ್ತರ ಕೊಡುವುದನ್ನು ನಾವು ಬ್ಯಾಂಕುಗಳ ದೂರವಾಣಿಯಲ್ಲಿ ಮಾತ್ರ ಕೇಳಿದ್ದೇವೆ.

ಧ್ವನಿಮುದ್ರಣದ ಬಗ್ಗೆ ಧರ್ಮಸಭೆ ಮೊದಲೇ ಯೋಚಿಸಿತ್ತು. ಗ್ರಾಮಫೋನೂ ಟೇಪ್ ರೆಕಾರ್ಡರೂ ಬಳಕೆಗೆ ಬಂದಿದ್ದ 1958ರ ಸೆಪ್ಟೆಂಬರಿನಲ್ಲಿಯೇ ರೋಮಿನ ಒಂದು ನಿರ್ದೇಶನ, ಆರಾಧನೆಯಲ್ಲಿ ಮನುಷ್ಯನು ತಾನೇ ನುಡಿಸುವ ವಾದ್ಯಗಳು ಮಾತ್ರ ಇರಬೇಕು, ತಾವಾಗಿ ನುಡಿಯುವ ಯಂತ್ರಗಳು ಕೂಡದು ಎಂದು ಹೇಳಿತು. ಹಾಡು ಕಲಿಸುವುದಕ್ಕೆ ಅವನ್ನು ಬಳಸಲು ಅಡ್ಡಿಯಿರಲಿಲ್ಲ. ಅನಂತರ ಪೂಜಾವಿಧಿಯೇ ಬದಲಾಯಿತು; 1973ರಲ್ಲಿ ಮಕ್ಕಳ ಬಲಿಪೂಜೆಗಳಿಗಾಗಿ ಬಂದ ಮಾರ್ಗದರ್ಶನದಲ್ಲಿ, ಧರ್ಮಾಧ್ಯಕ್ಷರ ಮಂಡಳಿಯ ನಿಯಮಕ್ಕೊಳಪಟ್ಟು ಯಂತ್ರದಿಂದ ಬರುವ ಸಂಗೀತಕ್ಕೂ ಅವಕಾಶವಿತ್ತರು. ಆದುದರಿಂದ ಟ್ರ್ಯಾಕ್ ಎಂದರೆ ಪಾಪ ಎಂದು ನಾವು ಹೇಳುತ್ತಿಲ್ಲ. ಆದರೆ 1958ರ ಮಾತಿನ ಹಿಂದಿನ ತರ್ಕ ಇಂದಿಗೂ ಮಾಸಿಲ್ಲ. ಆರಾಧನೆ ಎಂಬುದು ಈ ಹೊತ್ತು, ಈ ಜನ ಸಲ್ಲಿಸುವ ಕ್ರಿಯೆ. ಮೇಣದ ಬತ್ತಿ ಉರಿದು ಕರಗುವಂತೆ ವಾದಕನ ಶ್ರಮವೂ ಅಲ್ಲಿಯೇ ವ್ಯಯವಾಗಬೇಕು.

ಇನ್ನು ಲೌಕಿಕವಾದ ಕಾರಣವನ್ನೂ ಹೇಳೋಣ. ಸಜೀವ ವಾದ್ಯಕ್ಕೆ ಕಿವಿ ಇರುತ್ತದೆ. ಹಬ್ಬದ ದಿನ ಪರಮಪ್ರಸಾದದ ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋದರೆ ಹಾರ್ಮೋನಿಯಂ ನುಡಿಸುವವರು ಇನ್ನೊಂದು ಚರಣವನ್ನು ಎತ್ತಿಕೊಳ್ಳುತ್ತಾರೆ. ಸಾಲು ಬೇಗ ಮುಗಿದರೆ ಪಲ್ಲವಿಗೆ ತಂದು ನಿಲ್ಲಿಸುತ್ತಾರೆ. ವಯಸ್ಸಾದ ಗುರುಗಳು ಪೀಠಕ್ಕೆ ನಿಧಾನವಾಗಿ ನಡೆದರೆ ಅವರ ಹೆಜ್ಜೆಗೆ ಹಾಡು ಕಾಯುತ್ತದೆ. ಜನರ ಸ್ವರ ಬಳಲಿದರೆ ಶ್ರುತಿಯನ್ನು ಒಂದು ಮನೆ ಇಳಿಸಬಹುದು. ಟ್ರ್ಯಾಕಿಗೆ ನಾಲ್ಕು ನಿಮಿಷವೆಂದರೆ ನಾಲ್ಕೇ ನಿಮಿಷ. ನಾವೇ ಅದರ ಹಿಂದೆ ಓಡಬೇಕು. ಮತ್ತೆ, ವಿದ್ಯುತ್ತು ಕೈಕೊಟ್ಟ ಭಾನುವಾರಗಳನ್ನು ನೆನಪಿಸಿಕೊಳ್ಳಿ. ಧ್ವನಿವರ್ಧಕ ಮೂಕವಾದ ಆ ಕ್ಷಣ ಮಧ್ಯದ ಸಾಲುಗಳಿಂದ, ಕಂಬದ ಮರೆಯಿಂದ, ಎಷ್ಟು ಕಂಠಗಳು ಹೊರಡುತ್ತವೆ! ಅವರೆಲ್ಲ ಅಲ್ಲಿಯವರೆಗೂ ಹಾಡುತ್ತಿದ್ದರೇ, ಅಥವಾ ಆಗ ಆರಂಭಿಸಿದರೇ? ಹೇಗಿದ್ದರೂ ಧ್ವನಿವರ್ಧಕ ಅವರ ಸ್ವರವನ್ನು ವರ್ಧಿಸಲಿಲ್ಲ, ಮುಚ್ಚಿತ್ತು.

2020ರ ಮಾರ್ಚ್ ತಿಂಗಳಿನಿಂದ ದೇವಾಲಯದ ಬಾಗಿಲುಗಳು ಮುಚ್ಚಿದ್ದ ಕಾಲದಲ್ಲಿ ನಾವೆಲ್ಲ ಮನೆಯ ಕೋಣೆಗಳಲ್ಲಿ ಕುಳಿತು ಮೊಬೈಲಿನ ಪರದೆಯ ಮೇಲೆ ಬಲಿಪೂಜೆಯನ್ನು ಕಂಡೆವು. ಅನಿವಾರ್ಯವಾಗಿತ್ತು, ಆಗ ಅದು ವರವೂ ಆಗಿತ್ತು. ಆದರೆ ಆ ತಿಂಗಳುಗಳಲ್ಲಿ ವಿಶ್ವಾಸಿಗಳು ಪ್ರೇಕ್ಷಕರಾಗಿ ಕುಳಿತುಕೊಳ್ಳುವ ಅಭ್ಯಾಸವನ್ನು ಕಲಿತರು. ಬಾಗಿಲು ತೆರೆದ ಮೇಲೂ ಆ ಅಭ್ಯಾಸ ಪೂರ್ತಿಯಾಗಿ ಹೋಗಿಲ್ಲವೆಂಬುದು ನಮ್ಮ ಅನಿಸಿಕೆ. ಇಂಥ ಸಮಯದಲ್ಲಿ ಇನ್ನಷ್ಟು ಅಚ್ಚುಕಟ್ಟಾದ, ಇನ್ನಷ್ಟು ಕೇಳುವ ಸಂಗೀತವನ್ನು ಕೊಟ್ಟರೆ ಜನರು ಇನ್ನಷ್ಟು ಚೆನ್ನಾಗಿ ಕೇಳಿಯಾರು, ಅಷ್ಟೇ.

ಹಾಗಾದರೆ ಸೃಜನಶೀಲತೆಗೆ ಎಡೆಯಿಲ್ಲವೇ ಎಂದು ನಮ್ಮ ಯುವಮಿತ್ರರು ಕೇಳುತ್ತಾರೆ. ಎಡೆ ಇದೆ, ಅದೂ ಬೇರೆಲ್ಲಿಯೂ ಅಲ್ಲ, ನಮ್ಮ ಮನೆಯಂಗಳದಲ್ಲಿಯೇ ಇದೆ. ಮೊದಲ ವಾಚನದ ಅನಂತರ ಬರುವ ಕೀರ್ತನೆಯನ್ನು ನೋಡಿ. ಜನರಿಗೆ ಒಂದು ಶ್ಲೋಕ, ಗಾಯಕರಿಗೆ ಚರಣಗಳು. ಪ್ರತಿ ಚರಣದ ಕೊನೆಗೆ ಜನರ ಶ್ಲೋಕ ಮತ್ತೆ. ಇದು ಕನ್ನಡಿಗರಿಗೆ ಹೇಳಿಕೊಡಬೇಕಾದ ರೂಪವೇ? ದೇವರನಾಮದ ಪಲ್ಲವಿ ಮತ್ತು ಚರಣ ಇದೇ ತಾನೆ? ಭಜನೆಯಲ್ಲಿ ಒಬ್ಬರು ಹೇಳಿ ಎಲ್ಲರೂ ಹಿಂದಿರುಗಿಸುವುದು ಇದೇ ತಾನೆ? ಹೊರಗಿನಿಂದ ಬಂದಂತೆ ಕಾಣುವ ಪೂಜಾವಿಧಿಯಲ್ಲಿ ನಮ್ಮ ಹಾಡುಗಾರಿಕೆಗೆ ಅಳತೆ ಮಾಡಿ ಹೊಲಿದಂಥ ಜಾಗ ಇದು. ಆದರೂ ಎಷ್ಟೋ ಕಡೆ ಕೀರ್ತನೆಯನ್ನು ವಾಚನದಂತೆ ಓದಿ ಮುಗಿಸುತ್ತಾರೆ. ಮೋಹನದಂಥ ಐದು ಸ್ವರಗಳ ರಾಗದಲ್ಲಿ ಪಲ್ಲವಿಯನ್ನು ಕಟ್ಟಿದರೆ ಎರಡು ಸಲ ಕೇಳಿದ ಮಗುವೂ ಹಾಡುತ್ತದೆ. ತಪಸ್ಸು ಕಾಲಕ್ಕೆ ಶುಭಪಂತುವರಾಳಿಯ ಶೋಕವಿದೆ, ಪಾಸ್ಖ ಕಾಲಕ್ಕೆ ಹಂಸಧ್ವನಿಯ ಉಲ್ಲಾಸವಿದೆ. ಕಾಲಕ್ಕೆ ತಕ್ಕ ರಾಗ ಎಂಬ ವಿವೇಕ ನಮ್ಮ ಸಂಗೀತಕ್ಕೆ ಹೊಸದಲ್ಲ, ಪೂಜಾವರ್ಷಕ್ಕೂ ಹೊಸದಲ್ಲ.

ಈ ದಾರಿಯಲ್ಲಿ ನಡೆದವರು ನಮಗಿಂತ ಮುಂಚೆಯೂ ಇದ್ದಾರೆ. ಕಥೋಲಿಕರಲ್ಲದಿದ್ದರೂ, ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಅವರು ತಮ್ಮ ನಿಘಂಟಿಗೆ ಮೂರು ದಶಕಗಳ ಮುಂಚೆ, 1862ರಲ್ಲಿ, ಯೇಸುಸ್ವಾಮಿಯ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು. ತಮಿಳು ನಾಡಿನಲ್ಲಿ ಕಥೋಲಿಕರಾಗಿದ್ದ ಮಾಯೂರಂ ವೇದನಾಯಕಂ ಪಿಳ್ಳೆಯವರು (1826–1889) ಕರ್ನಾಟಕ ಸಂಗೀತದ ಕೀರ್ತನೆಗಳನ್ನೇ ರಚಿಸಿದರು. ಅವು ಕಚೇರಿಗಳಲ್ಲಿಯೂ ಸಲ್ಲುತ್ತಿವೆ. ಕನಕಪುರದ ಕಡೆಯ ಹಾರೋಬೆಲೆಯಂಥ ಊರುಗಳಲ್ಲಿ ಪಾಡುಗಳ ವಾರದಲ್ಲಿ ಇಡೀ ಊರೇ ಕಲಾವಿದರಾಗುತ್ತದೆ.

ವಾದ್ಯಗಳ ಮಾತು ಬಂದಾಗ ಹಾರ್ಮೋನಿಯಮ್ಮಿಗೆ ಒಂದು ಮಾತು ಸಲ್ಲಬೇಕು. ಫ್ರಾನ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿ, ಕಲ್ಕತ್ತದಲ್ಲಿ ಕೈತಿದಿಯ ರೂಪ ಪಡೆದು, ನೆಲದ ಮೇಲೆ ಕುಳಿತು ನುಡಿಸುವಂತಾದ ವಾದ್ಯ ಇದು. ಗಮಕ ಬಾರದೆಂದು 1940ರಿಂದ 1971ರವರೆಗೆ ಆಕಾಶವಾಣಿ ಇದನ್ನು ಹೊರಗಿಟ್ಟಿತ್ತು. ದೇವಾಲಯ ಹೊರಗಿಡಲಿಲ್ಲ. ವಿದ್ವಾಂಸರ ದೂರು ಸುಳ್ಳಲ್ಲ. ಆದರೆ ನೂರಾರು ಮಂದಿ ಅಭ್ಯಾಸವಿಲ್ಲದ ಕಂಠಗಳನ್ನು ಒಂದು ಶ್ರುತಿಯಲ್ಲಿ ಹಿಡಿದಿಡುವುದಕ್ಕೆ ಇದಕ್ಕಿಂತ ನಂಬಿಕಸ್ಥ ಜೊತೆಗಾರನಿಲ್ಲ. ಕೀಬೋರ್ಡನ್ನೂ ನಾವು ದೂರುವುದಿಲ್ಲ. ಅದರೊಳಗಿನ ಸಿದ್ಧ ತಾಳದ ಗುಂಡಿಯನ್ನು ಒತ್ತದಿದ್ದರೆ ಅದೂ ಸಜೀವ ವಾದ್ಯವೇ. ತಬಲ, ಮೃದಂಗ, ಕೊಳಲು, ಪಿಟೀಲು, ಹಬ್ಬದ ಮೆರವಣಿಗೆಯ ತಮಟೆ ಇವೆಲ್ಲಕ್ಕೂ ಜಾಗವಿದೆ. ಶ್ರುತಿಯನ್ನು ಮಾತ್ರ ಉತ್ತಮ ಗಾಯಕಿಯ ಕಂಠಕ್ಕೆ ಇಡದೆ ಹಿಂದಿನ ಬೆಂಚಿನ ಅಜ್ಜನ ಕಂಠಕ್ಕೆ ಇಡಬೇಕು. ಸಿನಿಮಾ ಧಾಟಿಗಳ ಬಗ್ಗೆ ಬೇರೆಯೇ ಭಾಷಣ ಬೇಕಾದೀತು; ಒಂದು ಧಾಟಿ ಕೇಳಿದೊಡನೆ ಮನಸ್ಸು ಚಿತ್ರಮಂದಿರಕ್ಕೆ ಹೋಗುವುದಾದರೆ ಅದನ್ನು ಬಿಡುವುದು ಲೇಸು ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ಮೌನವೂ ಸಂಗೀತಕ್ಕೆ ಸೇರಿದ್ದು. ಗುರುಗಳು ಮಹಾಪ್ರಾರ್ಥನೆಯನ್ನು ಹೇಳುವಾಗ ವಾದ್ಯಗಳು ಸುಮ್ಮನಿರಬೇಕೆಂದು ಪೂಜಾಗ್ರಂಥದ ಸಾಮಾನ್ಯ ನಿರ್ದೇಶನವೇ ಹೇಳುತ್ತದೆ. ಆ ಪವಿತ್ರ ಮಾತುಗಳ ಹಿನ್ನೆಲೆಯಲ್ಲಿ ಮೆಲುವಾಗಿ ಕೀಬೋರ್ಡ್ ನುಡಿಸುವ ವಾಡಿಕೆ ಅಲ್ಲಲ್ಲಿ ಬೆಳೆದಿದೆ. ಭಕ್ತಿಯಿಂದಲೇ ಬೆಳೆದಿದ್ದರೂ ಅದು ಸಲ್ಲದು. ತಪಸ್ಸು ಕಾಲದಲ್ಲಿ, ನಾಲ್ಕನೆಯ ಭಾನುವಾರ ಮತ್ತು ಹಬ್ಬಗಳನ್ನು ಬಿಟ್ಟರೆ, ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು. ಆ ನಲವತ್ತು ದಿನಗಳ ಬಡತನವಿಲ್ಲದಿದ್ದರೆ ಪಾಸ್ಖ ಜಾಗರಣೆಯ ರಾತ್ರಿ ಗಂಟೆಗಳೊಡನೆ ಮಹಿಮೆಯ ಗೀತೆ ಎದ್ದಾಗ ಮೈ ನವಿರೇಳುವುದೆಂತು?

ಭಾಷೆಯ ವಿಷಯವನ್ನು ಮುಟ್ಟದೆ ಹೋದರೆ ಈ ಭಾಗದ ಸಂಗೀತದ ಮಾತು ಅಪೂರ್ಣ. ಮಾಗಡಿ ರಸ್ತೆಯ ಸುತ್ತಿನ ಗಿರಣಿಗಳಿಗೆ, ಆಮೇಲೆ ರಾಜಾಜಿನಗರದ ಕಾರ್ಖಾನೆಗಳಿಗೆ ಕೆಲಸಕ್ಕಾಗಿ ಬಂದವರು, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳಲ್ಲಿ ಮನೆ ಕಟ್ಟಿದವರು, ಕನ್ನಡ, ತಮಿಳು, ಕೊಂಕಣಿ, ಮಲಯಾಳ ಮಾತಾಡುವವರು, ಎಲ್ಲರೂ ಸೇರಿ ಆದದ್ದು ಪಶ್ಚಿಮ ಬೆಂಗಳೂರಿನ ಕ್ರೈಸ್ತ ಸಮುದಾಯ. ಪೂಜೆಯ ಭಾಷೆಯ ಪ್ರಶ್ನೆ ನಮ್ಮ ನಗರದ ಧರ್ಮಸಭೆಯಲ್ಲಿ ಎಷ್ಟು ಕಹಿಯನ್ನು ತಂದಿದೆ ಎಂಬುದನ್ನು ಇಲ್ಲಿ ನೆನಪಿಸಬೇಕಾಗಿಲ್ಲ. ನಾಡಿನ ನುಡಿಗೆ ನಾಡಿನ ದೇವಾಲಯದಲ್ಲಿ ಮೊದಲ ಮಣೆ ಸಲ್ಲಬೇಕೆಂಬುದು ನಮ್ಮ ನಿಲುವು. ಅದರ ಜೊತೆಗೇ ಹೇಳುತ್ತೇವೆ: ತಬಲಕ್ಕೆ ಮಾತೃಭಾಷೆಯಿಲ್ಲ. ಭಾಷೆಗೊಂದು ಗಾನವೃಂದವಾಗಿ, ಗಾನವೃಂದಕ್ಕೊಂದು ಬೀರುವಾಗಿ, ಬೀರುವಿಗೊಂದು ಬೀಗವಾದ ಕಡೆಗಳಲ್ಲಿ ಒಂದೇ ಧರ್ಮಕೇಂದ್ರದ ಮೂವರು ವಾದಕರು ಪರಸ್ಪರ ಮುಖ ನೋಡದೆ ಇರುತ್ತಾರೆ. ಮೊದಲ ಮೆಟ್ಟಿಲಿನ ಸಂವಾದದ ಧಾಟಿಯನ್ನು ಎಲ್ಲ ಭಾಷೆಯ ಪೂಜೆಗಳಲ್ಲಿಯೂ ಒಂದೇ ಆಗಿ ಇಟ್ಟರೆ, ಕೂಡಿ ಬರುವ ಹಬ್ಬದ ಪೂಜೆಯಲ್ಲಿ ಮಾತು ಯಾವುದಾದರೂ ಸ್ವರ ಎಲ್ಲರಿಗೂ ಗೊತ್ತಿರುತ್ತದೆ.

ಆದುದರಿಂದ ಸಮಿತಿಯ ಮುಂದೆ ನಮ್ಮ ಬಿನ್ನಹ ಇದು. ಸಾಮಗ್ರಿಗೆಂದು ಎತ್ತಿಟ್ಟ ಹಣವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿರಿಸಿ, ಬರುವ ಬಡ್ಡಿಯಲ್ಲಿ ಧರ್ಮಕೇಂದ್ರದ ಮಕ್ಕಳಿಗೆ ಹಾರ್ಮೋನಿಯಂ, ತಬಲ, ಕೊಳಲು ಕಲಿಸುವ ಒಬ್ಬ ಶಿಕ್ಷಕರನ್ನು ನೇಮಿಸೋಣ. ಶಿಕ್ಷಕರು ಕ್ರೈಸ್ತರೇ ಆಗಿರಬೇಕೆಂಬ ನಿರ್ಬಂಧ ಬೇಡ; ವಿದ್ಯೆ ಎಲ್ಲಿಂದ ಬಂದರೂ ವಿದ್ಯೆಯೇ. ಕಲಿತ ಮಕ್ಕಳಲ್ಲಿ ಅರ್ಧ ಮಂದಿ ಊರು ಬಿಟ್ಟು ಹೋದಾರು. ಹೋಗಲಿ, ಹೋದ ಕಡೆ ಇನ್ನೊಂದು ದೇವಾಲಯದಲ್ಲಿ ನುಡಿಸುತ್ತಾರೆ. ಧ್ವನಿಮುದ್ರಣವನ್ನು ಅಭ್ಯಾಸಕ್ಕೆ ಧಾರಾಳವಾಗಿ ಬಳಸೋಣ, ಹೊಸ ಹಾಡನ್ನು ಮನೆಮನೆಗೆ ಮೊಬೈಲಿನಲ್ಲಿ ಕಳುಹಿಸೋಣ; ಪೂಜೆಯ ಹೊತ್ತಿಗೆ ಅದನ್ನು ಆರಿಸೋಣ. ಬರುವ ಹಬ್ಬದ ನವೇನಾದ ಒಂಬತ್ತು ದಿನಗಳಲ್ಲಿ ಅಭಿವಂದನೆಯನ್ನೂ, ಪ್ರಸ್ತಾವನೆಯ ಸಂವಾದವನ್ನೂ, ಪ್ರಭುವಿನ ಪ್ರಾರ್ಥನೆಯನ್ನೂ ಹಾಡಲು ಪೂಜ್ಯ ಗುರುಗಳು ಒಪ್ಪಬೇಕೆಂದು ಕೈಮುಗಿದು ಕೇಳುತ್ತೇವೆ. ತಮ್ಮ ಕಂಠ ಒಡಕು ಎಂದು ಅವರು ಸಂಕೋಚಪಡುತ್ತಾರೆ. ಒಡಕು ಕಂಠದ ಗುರುಗಳಿಗೆ ಜನರು ಇನ್ನೂ ಗಟ್ಟಿಯಾಗಿ ಉತ್ತರ ಕೊಡುತ್ತಾರೆಂದು ಭರವಸೆ ಕೊಡಬಲ್ಲೆವು.

ಅಭ್ಯಾಸ ಪ್ರತಿ ಶನಿವಾರ ಸಂಜೆಯ ಪೂಜೆಯಾದ ಮೇಲೆ, ದೇವಾಲಯದ ಒಳಗೇ. ಗಾನವೃಂದದವರು ಮುಂದಿನ ಬೆಂಚುಗಳಲ್ಲಿ ಕೂರುವುದಿಲ್ಲ, ನಿಮ್ಮ ನಡುವೆ ಚದರಿ ಕೂರುತ್ತೇವೆ. ಪುಸ್ತಕ ಬೇಕಿಲ್ಲ. ಮೂರು ಭಾಷೆಯ ಗಾನವೃಂದಗಳ ಬೀರುಗಳ ಬೀಗದ ಕೈಗಳನ್ನು ಆ ದಿನ ತರಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.